ಪೂಜೆಗಿಟ್ಟ ಬೋಲ್ಟ್

ನನ್ನ ಭಾವನಿಗೆ ಬಂದೂಕಿನ ತಲೆಬುಡ ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಮೆಲ್ಬರ್ನಿನಲ್ಲಿ ನಾಲ್ಕು ಜನ ಕನ್ನಡದವರು ಸೇರಿದ ಕಡೆಯೆಲ್ಲ ಅವರದೇ ಬೇಟೆ ಪುರಾಣ. ಅಕ್ಕನ ಮದುವೆಯಲ್ಲಿ ಯಾರೋ ಛತ್ರದ ಹೊರಗೆ ಆನೆಪಟಾಕಿ ಹಚ್ಚಿದಾಗ ಮಂಟಪದ ಮೇಲೇ ಬೆಚ್ಚಿಬಿದ್ದು, ಬಾಸಿಂಗ ಓರೆಯಾಗಿ, ಪುರೋಹಿತರ ಕೈಯಲ್ಲಿ ಸರಿಮಾಡಿಸಿಕೊಂಡ ಮಹಾನುಭಾವರು ಅವರು. ಅಕ್ಕನಂತೂ ದೀಪಾವಳಿಯ ಮೂರು ದಿನವೂ ಮಂಚದ ಕೆಳಗೆ, ಕಿವಿಗೆ ದಿಂಬು ಒತ್ತಿಕೊಂಡು ಇರುತ್ತಿದ್ದವಳು. ಈಡು ಜೋಡು ಅಂದರೆ ಅದು.

ನಾನು ಹಾಗಲ್ಲ. ನಾವು ಬೆಳೆದದ್ದು ಮೈಸೂರಿನ ಪೊಲೀಸ್ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಶಸ್ತ್ರಾಗಾರದಲ್ಲಿ ಹೆಡ್ ಕಾನ್‌ಸ್ಟೇಬಲ್. ಕಳ್ಳರನ್ನು ಹಿಡಿದವರಲ್ಲ, ಕೋವಿಗಳನ್ನು ಸಾಕಿದವರು. ಆಯುಧಪೂಜೆಯ ಹಿಂದಿನ ದಿನ ಶಸ್ತ್ರಾಗಾರದ ಅಂಗಳದಲ್ಲಿ ಕಂಬಳಿ ಹಾಸಿ, ಹಳೆಯ ತ್ರೀ-ನಾಟ್-ತ್ರೀ ರೈಫಲ್‌ಗಳನ್ನು ಸಾಲಾಗಿ ಮಲಗಿಸಿ, ಅವುಗಳ ಬೋಲ್ಟ್ ತೆಗೆದು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬೋಲ್ಟ್ ಅಂದರೆ ಬಾಗಿಲ ಚಿಲಕದ ಹಾಗೆ ಹಿಂದಕ್ಕೂ ಮುಂದಕ್ಕೂ ಜಾರುವ ಉಕ್ಕಿನ ತುಂಡು. ಗುಂಡನ್ನು ನಳಿಗೆಗೆ ತಳ್ಳುವುದು ಅದು, ಹಾರಿಸುವುದು ಅದು, ಖಾಲಿ ತೋಟಾವನ್ನು ಹೊರಗೆ ಎಸೆಯುವುದೂ ಅದೇ. ಅದನ್ನು ತೆಗೆದುಬಿಟ್ಟರೆ ಎಂಥ ರೈಫಲ್ ಆದರೂ ಬರೀ ದೊಣ್ಣೆ. ಒರೆಸುವ ಕೆಲಸಕ್ಕೆ ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

"ಬೋಲ್ಟ್ ಯಾರ ಕೈಲಿದೆಯೋ ರೈಫಲ್ ಅವ್ರದ್ದು ಕಣವ್ವ. ರೈಫಲ್ ಯಾರು ಬೇಕಾದ್ರೂ ಹೊರ್ಲಿ," ಅನ್ನುತ್ತಿದ್ದರು. ಒಂದರ ಬೋಲ್ಟ್ ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಎರಡರ ಮೇಲೂ ಒಂದೇ ನಂಬರು. ಪೂಜೆಯ ದಿನ ರೈಫಲ್‌ಗಳು ಮರದ ಸ್ಟ್ಯಾಂಡಿನಲ್ಲಿ, ಬೋಲ್ಟ್‌ಗಳೆಲ್ಲ ದೇವಿಯ ಪಟದ ಮುಂದೆ ಹಿತ್ತಾಳೆ ತಟ್ಟೆಯಲ್ಲಿ, ಚೆಂಡು ಹೂವಿನ ಕೆಳಗೆ. ಯಾರು ಪೂಜೆ ಮಾಡಿದರೋ ಅವರೇ ಮಾರನೆಯ ದಿನ ಕೈಮುಗಿದು ಕದಲಿಸಬೇಕು. ಅಲ್ಲಿಯವರೆಗೆ ಕಮಿಷನರ್ ಬಂದರೂ ಮುಟ್ಟುವ ಹಾಗಿಲ್ಲ. ಅಪ್ಪ ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ ನಮ್ಮ ಮನೆಯ ಗೋಡೆಗೂ ಬಾಯಿಪಾಠ ಆಗಿತ್ತು.

ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಕ್ಯಾಂಪಿನಲ್ಲಿ ನಾನು ಗುರಿ ಹೊಡೆದಾಗ ಐದೂ ತೂತು ಒಂದು ದೋಸೆ ಸಟ್ಟುಗದ ಅಗಲದೊಳಗೆ ಬಿದ್ದವು. ಅಪ್ಪ ಆ ಕಾಗದ ಹಿಡಿದುಕೊಂಡು ಕ್ವಾರ್ಟರ್ಸ್‌ನ ಮನೆಮನೆಗೂ ಹೋಗಿ ಬಂದರು. ನನ್ನ ಇಡೀ ಬಾಲ್ಯದಲ್ಲಿ ಅಕ್ಕನಿಗೆ ಸಿಗದೆ ನನಗೆ ಮಾತ್ರ ಸಿಕ್ಕಿದ್ದು ಅಂದರೆ ಅದೊಂದೇ. ರೂಪ ಅವಳಿಗೆ, ಮಾರ್ಕ್ಸು ಅವಳಿಗೆ, ಕೋವಿ ನನಗೆ.

ಸಿಡ್ನಿಗೆ ಬಂದು, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ನಾರ್ವೆಸ್ಟ್‌ನ ಆಫೀಸಿನಲ್ಲಿ ಸ್ಪ್ರೆಡ್‌ಶೀಟ್ ನೋಡಿ ನೋಡಿ ಕಣ್ಣು ಮಂಜಾಗುವ ಹೊತ್ತಿಗೆ, ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದಳು. ಭುಜಕ್ಕೆ ರೈಫಲ್ ಒತ್ತಿದ್ದೇ ತಡ, ಎಣ್ಣೆಯ ವಾಸನೆ ಮೂಗಿಗೆ ಬಡಿದು ನಾನು ಸೀದಾ ಮೈಸೂರಿಗೆ ಹೋಗಿ ಕಂಬಳಿಯ ಮೇಲೆ ಕೂತುಬಿಟ್ಟೆ. ಕೋರ್ಸು, ಪರೀಕ್ಷೆ, ಲೈಸೆನ್ಸು ಎಲ್ಲ ಮುಗಿಸಿಕೊಂಡೆ. ಮೆಲ್ಬರ್ನಿನ ಆಚೆ ವಿಕ್ಟೋರಿಯಾದ ಬೆಟ್ಟಗಳಲ್ಲಿ ಕಡವೆ ಇದೆ ಅಂತ ಗೊತ್ತಾದದ್ದು ಆಗಲೇ. ನಮ್ಮದೇ ಕಡವೆ, ಬಂಡೀಪುರದ ಕಡವೆ! ಬ್ರಿಟಿಷರು ಯಾವ ಕಾಲದಲ್ಲೋ ಹಡಗಿನಲ್ಲಿ ತಂದು ಬಿಟ್ಟಿದ್ದು, ವೀಸಾ ಇಲ್ಲದೆ ಬಂದು ಈಗ ಬೆಟ್ಟ ತುಂಬ ಸಂಸಾರ ಮಾಡಿಕೊಂಡಿವೆ. ಊರಲ್ಲಿ ಹೊಡೆದರೆ ಜೈಲು, ಇಲ್ಲಿ ಅವು ಪಿಡುಗು. ಲೈಸೆನ್ಸ್ ಇದ್ದರೆ ಯಾರೂ ಕೇಳುವುದಿಲ್ಲ. ಜೀವಮಾನವೆಲ್ಲ ಕೋವಿ ಕಾದ ಅಪ್ಪ ಒಂದು ದಿನವೂ ಬೇಟೆ ನೋಡಿದವರಲ್ಲ. ಅವರ ತಾತ ಕಡವೆ ಹೊಡೆದ ಕಥೆಯನ್ನೇ ಹೇಳಿಕೊಂಡು ರಿಟೈರ್ ಆದರು. ಅಮ್ಮ ಹೋದ ಮೇಲೆ ಅವರು ಆಸ್ಟ್ರೇಲಿಯಾಕ್ಕೆ ಬರುತ್ತಾರೆ ಅಂತ ಆದಾಗ ನನಗೆ ಒಂದೇ ಆಸೆ: ಅಪ್ಪ ನನ್ನ ಪಕ್ಕದಲ್ಲಿ ನಿಂತಿರಬೇಕು, ನಾನು ಕಡವೆ ಹೊಡೆಯಬೇಕು.

ಅದಕ್ಕೆ ರೈಫಲ್ ಬೇಕಲ್ಲ. ಎರಡರ ಮೇಲೆ ಕಣ್ಣು ಬಿತ್ತು. ಎರಡೂ ಬೋಲ್ಟ್ ಎಳೆದು ಹೊಡೆಯುವಂಥವೇ, ಎರಡಕ್ಕೂ ಹಾಕುವ ಗುಂಡು ಒಂದೇ ಅಳತೆಯದು. ಒಂದಕ್ಕೆ ಆಕ್ರೋಟ ಮರದ ಹಿಡಿ, ಕಪ್ಪು ಉಕ್ಕು, ಬೋಲ್ಟ್ ಎಣ್ಣೆ ಹಚ್ಚಿದ ಚಿಲಕದಂತೆ ಸದ್ದಿಲ್ಲದೆ ಜಾರುತ್ತದೆ. ತೂಕ ಜಾಸ್ತಿ, ಅದರಿಂದ ಭುಜಕ್ಕೆ ಒದೆತ ಕಮ್ಮಿ. ಆದರೆ ಕಡವೆ ಇರುವುದು ಕಡಿದಾದ ಕಣಿವೆಗಳಲ್ಲಿ. ಅದನ್ನು ಹೊತ್ತು ಹತ್ತಬೇಕು, ಇಳಿಯಬೇಕು. ಮಳೆಗೆ ಮರ ಉಬ್ಬಿದರೆ ಗುರಿ ಸರಿಯುತ್ತದೆ. ಇನ್ನೊಂದಕ್ಕೆ ಬೂದು ಬಣ್ಣದ ಪ್ಲಾಸ್ಟಿಕ್ ಹಿಡಿ, ಸ್ಟೇನ್‌ಲೆಸ್ ಸ್ಟೀಲ್. ಹಗುರ, ಮಳೆಗೆ ಜಗ್ಗುವುದಿಲ್ಲ, ಆದರೆ ಕತ್ತೆಯ ಹಾಗೆ ಒದೆಯುತ್ತದೆ, ಬೋಲ್ಟ್ ಸ್ವಲ್ಪ ಒರಟು, ನೋಡಲಿಕ್ಕೆ ಕೊಳಾಯಿ ಪೈಪಿಗೆ ಹಿಡಿ ಹಾಕಿದ ಹಾಗಿದೆ. ಇಂಟರ್ನೆಟ್ಟಿನಲ್ಲಿ ಕೇಳೋಣ ಅಂದರೆ ಅಲ್ಲಿ ಬರೀ ಅಮೆರಿಕದವರ ಜಗಳ: ಎಲ್ಕ್ ಹೊಡೆಯಲು ಇದು ಸಾಕೇ, ಅದು ಸಾಕೇ ಅಂತ. ಎಲ್ಕ್ ಅಂದರೆ ಅವರ ದೇಶದ ದೊಡ್ಡ ಜಿಂಕೆ. ಈ ದೇಶದಲ್ಲಿ ಹುಡುಕಿದರೂ ಸಿಗದ ಪ್ರಾಣಿಯ ಬಗ್ಗೆ ನಾನು ತಿಂಗಳುಗಟ್ಟಲೆ ಓದಿದೆ.

"ಯಾವ್ದಾದ್ರೂ ತಗೋ ಮಾರಾಯ್ತಿ," ಅಂದ ನನ್ನ ಗಂಡ. "ಮನೇಲಿ ನನ್ ಮೇಲೆ ಟ್ರಯಲ್ ಮಾತ್ರ ನೋಡ್ಬೇಡ."

ಅಂಗಡಿಯಲ್ಲಿ ಎರಡನ್ನೂ ಭುಜಕ್ಕೆ ಕೊಟ್ಟು ನೋಡಿದೆ. ಮರದ್ದು ನನ್ನ ಕೈಗೆ ಉದ್ದ. ಕಣ್ಣು ರೈಫಲ್ ಮೇಲಿನ ದುರ್ಬೀನಿಗೆ ಸರಿಯಾಗಿ ಸಿಗಬೇಕಾದರೆ ಕತ್ತು ಚಾಚಬೇಕು. ಬೂದು ಬಣ್ಣದ್ದು ಸರಿಯಾಗಿ ಕೂತಿತು. ಭುಜ ಅದನ್ನು ಕೇಳುತ್ತಿತ್ತು, ಮನಸ್ಸು ಮರದ್ದನ್ನು ಕೇಳುತ್ತಿತ್ತು, ಯಾಕೆಂದರೆ ಅಪ್ಪ ಒರೆಸುತ್ತಿದ್ದ ರೈಫಲ್‌ಗಳೆಲ್ಲ ಮರದ್ದೇ. ಅಪ್ಪನನ್ನೇ ಕೇಳಿಬಿಡೋಣ ಅನ್ನಿಸಿತು.

ಅಪ್ಪ ಆಗಲೇ ಬಂದಾಗಿತ್ತು, ಆದರೆ ನನ್ನ ಮನೆಗಲ್ಲ. ಮೊದಲ ನಾಲ್ಕು ತಿಂಗಳು ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಅಕ್ಕನ ಮನೆ, ಕೊನೆಯ ಒಂದು ತಿಂಗಳು ಸಿಡ್ನಿ. ಹಿರೀ ಮಗಳ ಮನೆ ಮೊದಲಂತೆ, ದೊಡ್ಡ ಅಳಿಯಂದಿರು ಟಿಕೆಟ್ ಮಾಡಿಸಿದ್ದಂತೆ. ನಾಲ್ಕು ಒಂದು! ಮಾವಿನಹಣ್ಣು ಹಂಚುವಾಗಲೂ ಅಮ್ಮ ಹೀಗೆ ಮಾಡಿರಲಿಲ್ಲ. ಆದರೂ ನುಂಗಿಕೊಂಡು ಫೋನ್ ಮಾಡಿದೆ.

"ಅಪ್ಪಾ, ಎರಡು ರೈಫಲ್ ನೋಡಿದೀನಿ. ಯಾವುದು ಅಂತ ನೀವೇ ಹೇಳ್ಬೇಕು."

"ಹೌದಾ? ಕಳ್ಸು ಕಳ್ಸು, ನೋಡಣ."

ಫೋಟೋ ಕಳಿಸಿದೆ, ತೂಕ ಕಳಿಸಿದೆ, ಬೋಲ್ಟ್ ಎಳೆಯುವ ವಿಡಿಯೋ ಕಳಿಸಿದೆ. ನೋಡಿದ್ದಾರೆ ಅಂತ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮತ್ತೆ ಕೇಳಿದರೆ, "ನೋಡಣ ತಡಿ, ಏನಾತುರ?" ಅಂದರು. ನಾನು ಅಂಗಡಿಯವನಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ಸಬೂಬು ಹೇಳುತ್ತಾ ಕಾದೆ.

ಒಂದು ಶನಿವಾರ ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಲ್ಲಿ ಸಾಮಾನು ತೆಗೆದುಕೊಳ್ಳುವಾಗ ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ ಬಂತು. ಮೆಲ್ಬರ್ನಿನ ಯಾವುದೋ ಬಂದೂಕಿನ ಅಂಗಡಿ. ಭಾವ ಭುಜಕ್ಕೆ ರೈಫಲ್ ಕೊಟ್ಟುಕೊಂಡು ನಿಂತಿದ್ದಾರೆ. ಆಕ್ರೋಟ ಮರದ್ದು. ಅದೇ! ಪಕ್ಕದಲ್ಲಿ ಅಪ್ಪ, ಮಂಕಿ ಕ್ಯಾಪ್ ಹಾಕಿಕೊಂಡು, ಭಾವನ ಮೊಣಕೈ ಎತ್ತಿ ಸರಿಮಾಡುತ್ತಿದ್ದಾರೆ. ಕೆಳಗೆ ಭಾವ ಬರೆದಿದ್ದರು: ಮಾವನ ಸೆಲೆಕ್ಷನ್!

ಕೈಲಿದ್ದ ಬೇಳೆ ಪೊಟ್ಟಣ ಅಲ್ಲೇ ಬಿಟ್ಟು ಫೋಟೋ ದೊಡ್ಡದು ಮಾಡಿ ನೋಡಿದೆ. ರೈಫಲ್ ಹೋಗಲಿ, ಅಂಗಡಿಯಲ್ಲಿ ಇನ್ನೊಂದಿದೆ. ಆ ಮೊಣಕೈ! ಎನ್‌ಸಿಸಿ ಕ್ಯಾಂಪಿಗೆ ಹೋಗುವ ಮೊದಲು ಹಿತ್ತಲಲ್ಲಿ ಪೊರಕೆ ಕೊಟ್ಟು, ಅದನ್ನೇ ರೈಫಲ್ ಅಂದುಕೊಳ್ಳವ್ವ ಅಂತ ಅಪ್ಪ ಎತ್ತಿ ಸರಿಮಾಡಿದ್ದು ನನ್ನ ಮೊಣಕೈಯನ್ನು. ಭಾವ ಲೈಸೆನ್ಸ್ ಮಾಡಿಸಿಕೊಂಡಿದ್ದೂ ನಾನು ಮಾಡಿಸಿಕೊಂಡೆ ಅಂತಲೇ. "ನೀನ್ ಮಾಡೋದಾದ್ರೆ ನಾನ್ಯಾಕ್ ಮಾಡ್ಬಾರ್ದು ಮೇಡಂ" ಅಂತ ನಕ್ಕಿದ್ದರು. ಆಗ ನಾನೂ ನಕ್ಕಿದ್ದೆ, ದಡ್ಡಿ.

ಸಂಜೆ ಅವರೇ ಫೋನ್ ಮಾಡಿದರು. "ಏನ್ ಮೇಡಂ, ಗ್ರೂಪಲ್ಲಿ ಒಂದ್ ಲೈಕೂ ಇಲ್ಲ? ನೀನ್ ಕಳ್ಸಿದ್ ಡೀಟೇಲ್ಸ್ ಎಲ್ಲ ಮಾವ ಕೂರಿಸ್ಕೊಂಡ್ ಹೇಳಿದ್ರು. ಸಖತ್ ಹೆಲ್ಪ್ ಆಯ್ತು. ಥ್ಯಾಂಕ್ಸ್!"

"ಅಯ್ಯೋ, ಅದಕ್ಕೇನ್ ಭಾವ," ಅಂದೆ. ಅಂದ ಬಾಯಿಗೆ ಬೆಂಕಿ ಹಾಕ.

ಅಲ್ಲಿಂದ ಶುರುವಾಯಿತು ನೋಡಿ. ಪ್ರತಿ ಭಾನುವಾರ ಮಾವ ಅಳಿಯ ರೇಂಜಿಗೆ. ಭಾವ ಮಲಗಿ ಹೊಡೆಯುವುದು, ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುವುದು. ಅಕ್ಕ ಫೋನಿನಲ್ಲಿ, "ಅಪ್ಪ ಎಷ್ಟ್ ಲವಲವಿಕೆಯಿಂದ ಇದಾರೆ ಗೊತ್ತೇನೇ? ಇವ್ರಿಗೆ ಉಸಿರು ಹಿಡ್ಯೋದ್ ಹೇಳ್ಕೊಡ್ತಿದಾರೆ," ಅನ್ನುವಳು. ಅವರ ಉಸಿರು ಹಿಡಿದುಕೊಂಡೇ ಇರಲಿ ಅನ್ನುವಷ್ಟು ಕೆಟ್ಟದಾಗಿತ್ತು ನನ್ನ ಮನಸ್ಸು. ಒಂದು ದಿನ ಅಪ್ಪನೇ ಅಂದರು, "ಮಗ ಇಲ್ಲ ಅನ್ನೋ ಕೊರಗು ಹೋಯ್ತು ಕಣವ್ವ." ಅವರು ಖುಷಿಯಲ್ಲಿ ಹೇಳಿದ್ದು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಕೊರಗು ಇತ್ತು ಅಂತಲೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಜಾಗದಲ್ಲಿ ನಾನಿದ್ದೇನೆ ಅಂದುಕೊಂಡಿದ್ದೆ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಮುಂದಿನ ಶನಿವಾರ ಅಂಗಡಿಗೆ ಹೋಗಿ ಬೂದು ಬಣ್ಣದ್ದಕ್ಕೆ ಅರ್ಜಿ ಹಾಕಿದೆ. ತೂಕ ನೋಡಿ ಅಲ್ಲ, ಮಳೆ ನೋಡಿ ಅಲ್ಲ. ಭಾವ ಮರದ್ದು ತೆಗೆದುಕೊಂಡರು, ಆದ್ದರಿಂದ ನನಗೆ ಮರದ್ದು ಬೇಡ, ಅಷ್ಟೇ. ತಿಂಗಳುಗಟ್ಟಲೆ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು; ಹೊಟ್ಟೆಕಿಚ್ಚು ಒಂದೇ ನಿಮಿಷದಲ್ಲಿ ಆರಿಸಿಕೊಟ್ಟಿತು. ಪರ್ಮಿಟ್ ಬಂದ ಮೇಲೆ ಒಬ್ಬಳೇ ರೇಂಜಿಗೆ ಹೋಗಿ ಭುಜ ನೀಲಿಗಟ್ಟುವವರೆಗೆ ಹೊಡೆದೆ. ಗುಂಡುಗಳು ಒಂದರ ಮೇಲೊಂದು ಬಿದ್ದವು. ಆ ಕಾಗದದ ಫೋಟೋ ಕಳಿಸಿದರೆ ಅಪ್ಪ ಒಂದು ಹೆಬ್ಬೆರಳು ಕಳಿಸಿದರು. ಮೊದಲು ಇಂಥ ಕಾಗದ ಹಿಡಿದುಕೊಂಡು ಕ್ವಾರ್ಟರ್ಸ್ ಸುತ್ತಿದ ಮನುಷ್ಯ!

ದಸರಾಕ್ಕೆ ಬಾ ಅಂತ ಭಾವ ಕರೆದರು. ಆಯುಧಪೂಜೆ ಮನೆಯಲ್ಲಿ, ಮಾರನೆಯ ಬೆಳಿಗ್ಗೆ, ವಿಜಯದಶಮಿಯ ದಿನ, ಮೂವರೂ ಬೆಟ್ಟಕ್ಕೆ. "ರೈಫಲ್ ತಗೊಂಡ್ ಬಾ ಮೇಡಂ, ಮಾವನ ಕೈಲಿ ಪೂಜೆ ಮಾಡ್ಸಣ," ಅಂದರು. ಆ ಒಂದು ಮಾತಿಗೆ ನಾನು ಕರಗಿದೆ. ಅಪ್ಪ ನನ್ನ ರೈಫಲ್‌ನ ಬೋಲ್ಟ್ ತೆಗೆಯುತ್ತಾರೆ, ಒರೆಸುತ್ತಾರೆ, ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚುತ್ತಾರೆ. ಅಷ್ಟು ಸಾಕು, ನಾಲ್ಕು ಒಂದರ ಲೆಕ್ಕ ಮರೆತುಬಿಡುತ್ತೇನೆ ಅಂದುಕೊಂಡೆ. ಹೊಸ ಎಣ್ಣೆ ಬಟ್ಟೆಯನ್ನೂ ಕತ್ತರಿಸಿಟ್ಟುಕೊಂಡೆ.

ಏರ್‌ಪೋರ್ಟಿನಲ್ಲಿ ರೈಫಲ್ ಪೆಟ್ಟಿಗೆ ತೋರಿಸಿ, ಸಹಿ ಹಾಕಿ ಕೂತರೆ ವಿಮಾನ ಹೊರಡಲಿಲ್ಲ. ಗಾಳಿಯಂತೆ. ಅದು ಮೆಲ್ಬರ್ನ್ ಮುಟ್ಟಿ ನಾನು ಕ್ಲೇಟನ್‌ಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಡ್ರೈವ್‌ವೇಯಲ್ಲಿ ಒಡೆದ ಬೂದುಕುಂಬಳಕಾಯಿ, ಅದರ ಮೇಲೆ ಕುಂಕುಮ. ಕಾರಿನ ಚಕ್ರದ ಕೆಳಗೆ ಅಪ್ಪಚ್ಚಿಯಾದ ನಿಂಬೆಹಣ್ಣು. ನೋಡಿದ ಕೂಡಲೇ ಗೊತ್ತಾಯಿತು.

"ರಾಹುಕಾಲ ಬಂದ್ಬಿಡುತ್ತೆ ಅಂತ ಮುಗಿಸ್ಬಿಟ್ವಿ ಕಣೇ," ಅಂದಳು ಅಕ್ಕ. "ಒಳಗ್ ಬಾ, ಒಬ್ಬಟ್ಟು ಬಿಸಿಯಾಗಿದೆ."

ಗರಾಜಿನಲ್ಲಿ ಭಾವನ ಉಕ್ಕಿನ ಬೀರು ತೆಗೆದಿತ್ತು. ಒಳಗೆ ಅವರ ರೈಫಲ್ ಮದುಮಗನ ಹಾಗೆ ನಿಂತಿತ್ತು: ಆಕ್ರೋಟ ಮರದ ಮೇಲೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ, ನಳಿಗೆಯಿಂದ ನಡುವಿನವರೆಗೂ ಮುಚ್ಚಿದ ಚೆಂಡು ಹೂವಿನ ಹಾರ. ಅಪ್ಪ ಹೊಸ ಪಂಚೆ ಉಟ್ಟು ಪಕ್ಕದಲ್ಲೇ ಇದ್ದರು. ನಾನು ಪೆಟ್ಟಿಗೆ ತೆಗೆದು ನನ್ನದನ್ನು ತೋರಿಸಿದೆ. ಬಗ್ಗಿ ನೋಡಿದರು.

"ಪ್ಲಾಸ್ಟಿಕ್ಕಾ?" ಅಂದರು.

ಅಷ್ಟೇ. ಭಾವ ಅದನ್ನು ಬೀರುವಿನೊಳಗೆ ತಮ್ಮದರ ಪಕ್ಕಕ್ಕೆ ಒರಗಿಸಿ ಬೀಗ ಹಾಕಿದರು. ಮದುಮಗನ ಪಕ್ಕ ನಿಂತ ಬಡ ನೆಂಟನ ಹಾಗೆ ಕಂಡಿತು. ಅಕ್ಕ ದೇವರ ಮನೆಗೆ ಹೋಗಿ ಕುಂಕುಮ ಇಟ್ಟುಕೋ ಅಂದರೆ, ತಲೆನೋವು ಅಂದುಬಿಟ್ಟೆ. ಅವತ್ತಿನ ಕೋಪ ಎಂಥದ್ದೆಂದರೆ ದೇವರಿಗೂ ಕೈ ಮುಗಿಯಲಿಲ್ಲ. ಎಣ್ಣೆ ಬಟ್ಟೆ ಬ್ಯಾಗಿನಲ್ಲೇ ಉಳಿಯಿತು.

ಬೆಳಿಗ್ಗೆ ಇನ್ನೂ ಮಬ್ಬಿರುವಾಗಲೇ ಹೊರಟೆವು. ಭಾವ ಬೀರು ತೆಗೆದು ಎರಡೂ ರೈಫಲ್‌ಗಳನ್ನು ಅವುಗಳ ಚೀಲಕ್ಕೆ ಹಾಕಿ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದರು. ಅಪ್ಪ ಮುಂದಿನ ಸೀಟಿನಲ್ಲಿ, ಭಾವ ಡ್ರೈವಿಂಗ್, ನಾನು ಹಿಂದೆ ಪುಳಿಯೋಗರೆ ಡಬ್ಬಿಯ ಜೊತೆ. ಮೂರು ಗಂಟೆ ದಾರಿ. ಇಬ್ಬರೂ ಗಾಳಿಯ ದಿಕ್ಕು, ಹೆಜ್ಜೆ ಗುರುತು, ಕಡವೆ ಬೆಚ್ಚಿದರೆ ಹೇಗೆ ಕೂಗುತ್ತದೆ ಅಂತ ಮಾತಾಡಿದ್ದೇ ಮಾತಾಡಿದ್ದು. ನಾನು ಒಂದು ಮಾತು ಸೇರಿಸಿದರೆ ಅಪ್ಪ, "ಹ್ಞೂಂ ಹ್ಞೂಂ" ಅಂದು ಮತ್ತೆ ಅಳಿಯಂದಿರ ಕಡೆ ತಿರುಗುತ್ತಿದ್ದರು.

ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ, ಬೇರೆ ಬೇಟೆಗಾರರಿಗೆ ಕಾಣಲಿ ಅಂತ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡೆವು. ಅಪ್ಪನದು ಮಂಕಿ ಕ್ಯಾಪಿನ ಮೇಲೆ ಟೋಪಿ. ಭಾವ ಚೀಲದ ಜಿಪ್ ಎಳೆದರು. ಒಂದಷ್ಟು ಚೆಂಡು ಹೂವಿನ ಎಸಳು ಉದುರಿತು. ರೈಫಲ್ ಹೊರಬಂತು, ಕುಂಕುಮ ಇದೆ, ವಿಭೂತಿ ಇದೆ. ಬೋಲ್ಟ್ ಇರಬೇಕಾದ ಕಡೆ ತೂತು.

"ಬೋಲ್ಟ್ ಎಲ್ಲಿ?" ಅಂದರು ಅಪ್ಪ.

"ನೀವ್ ತಂದಿಲ್ವಾ ಮಾವ?"

"ನಾನ್ಯಾಕ್ ತರ್ಲಿ? ರೈಫಲ್ ನಿಮ್ದು, ಲೈಸೆನ್ಸ್ ನಿಮ್ದು. ತಟ್ಟೆಯಿಂದ ನೀವ್ ತಗೊಂಡಿರ್ತೀರಿ ಅಂದ್ಕೊಂಡೆ."

"ಪೂಜೆ ಮಾಡಿದ್ದು ನೀವು. ನೀವ್ ಕದಲಿಸ್ದೆ ನಾನ್ ಹೆಂಗ್ ಮುಟ್ಲಿ? ಮಾಡಿದವ್ರೇ ಕದಲಿಸ್ಬೇಕು ಅಂತ ನೀವೇ ಹೇಳಿದ್ರಲ್ಲ ಮಾವ!"

ಮನೆಯೊಳಕ್ಕೆ ಇಡೀ ರೈಫಲ್ ತರುವ ಹಾಗಿಲ್ಲ ಅಂತ ಅಪ್ಪ ಬೋಲ್ಟನ್ನು ಮಾತ್ರ ತೆಗೆದು ದೇವರ ಮನೆಯ ತಟ್ಟೆಯಲ್ಲಿಟ್ಟು, ಹೂವು ಮುಚ್ಚಿ ಪೂಜೆ ಮಾಡಿದ್ದರಂತೆ. ಅದೂ ಬೀರುವಿನಲ್ಲೇ ಇರಬೇಕಾದದ್ದು ಅನ್ನುವುದು ಶಸ್ತ್ರಾಗಾರದ ಮನುಷ್ಯನಿಗೂ ಹಬ್ಬದ ಗಲಾಟೆಯಲ್ಲಿ ಮರೆತಿತ್ತು. ಮಾವನ ಮೇಲಿನ ಮರ್ಯಾದೆಗೆ ಅಳಿಯ ಮುಟ್ಟಲಿಲ್ಲ, ಅಳಿಯನ ಮೇಲಿನ ಮರ್ಯಾದೆಗೆ ಮಾವ ಕೇಳಲಿಲ್ಲ. ಬೋಲ್ಟು ಕ್ಲೇಟನ್‌ನಲ್ಲಿ ಚಾಮುಂಡಿಯ ಪಟದ ಮುಂದೆ ಹಾಯಾಗಿ ಮಲಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ಖುಷಿ ನನಗೆ ಪಿಆರ್ ಬಂದಾಗಲೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ನನ್ನದಕ್ಕೆ ಪೂಜೆ ಆಗಿರಲಿಲ್ಲ, ಆದ್ದರಿಂದ ನನ್ನ ಬೋಲ್ಟ್ ನನ್ನ ರೈಫಲ್‌ನಲ್ಲೇ ಇತ್ತು. "ಪ್ಲಾಸ್ಟಿಕ್ಕೇ ಗತಿ ಈಗ," ಅಂದೆ. ಭಾವನೂ ನಕ್ಕರು, ಪಾಪ. ಅಪ್ಪ ನಗಲಿಲ್ಲ. ಅಷ್ಟು ವರ್ಷ ಬೋಲ್ಟ್ ಇಲ್ಲದೆ ಒಂದು ರೈಫಲ್ ಹೊರಗೆ ಕೊಟ್ಟವರಲ್ಲ ಅವರು. ಮುಖ ಸಪ್ಪಗಾಯಿತು. ಅಳಿಯಂದಿರ ಮೊದಲ ಬೇಟೆ ಹಾಳಾಯಿತಲ್ಲ ಅಂತ ಸಪ್ಪಗಾಯಿತು ಅಂತ ನನಗೆ ಗೊತ್ತಿತ್ತು, ಅದಕ್ಕೂ ಹೊಟ್ಟೆ ಉರಿಯಿತು.

ಭಾವ ತಮ್ಮ ದೊಣ್ಣೆಯನ್ನು ಕಾರಿನಲ್ಲಿಟ್ಟು ಬೀಗ ಹಾಕಿ ಬಂದರು. ನಾನು ಮುಂದೆ, ಅಪ್ಪ ನನ್ನ ಹಿಂದೆ, ಭಾವ ಕೊನೆಗೆ. ಕಣಿವೆಯ ಅಂಚಿನಲ್ಲಿ ನಡೆದೆವು. ಬೂದು ಬಣ್ಣದ ರೈಫಲ್ ಹೆಗಲ ಮೇಲೆ ಇದ್ದದ್ದೇ ಗೊತ್ತಾಗಲಿಲ್ಲ. ಕಾಲ ಕೆಳಗೆ ಒದ್ದೆ ಸೌದೆ, ಜರೀಗಿಡ. ಎರಡು ಸಲ ಜಾರಿದೆ, ಎರಡು ಸಲವೂ ಹಿಂದಿನಿಂದ ಅಪ್ಪನ ಕೈ ಬೆನ್ನಿಗೆ ಸಿಕ್ಕಿತು. ಬಿಸಿಲು ಎದುರು ಇಳಿಜಾರಿಗೆ ಬೀಳುವ ಹೊತ್ತಿಗೆ ಅಪ್ಪ ನನ್ನ ತೋಳು ಹಿಡಿದು ನಿಲ್ಲಿಸಿದರು. ಆ ಕಡೆ, ಮರದ ನೆರಳಿನಂಚಿನಲ್ಲಿ, ಕಡವೆ. ಗಂಡು. ಕೊಂಬು ಮರದ ಕೊಂಬೆಯ ಹಾಗೇ ಇತ್ತು, ಅಲ್ಲಾಡಿದಾಗ ಮಾತ್ರ ಗೊತ್ತಾಯಿತು.

ಬಿದ್ದ ಮರದ ಮೇಲೆ ಚೀಲ ಇಟ್ಟು, ರೈಫಲ್ ಒರಗಿಸಿ, ಮೆಲ್ಲಗೆ ಬೋಲ್ಟ್ ಮುಂದೆ ತಳ್ಳಿದೆ. ದುರ್ಬೀನಿನಲ್ಲಿ ಅದರ ಭುಜ ಕಂಡಿತು. ಪಕ್ಕದಲ್ಲಿ ಅಪ್ಪನ ಉಸಿರು ಕೇಳಿಸುತ್ತಿತ್ತು, ಅವರ ಶಾಲಿನ ನ್ಯಾಫ್ತಲಿನ್ ವಾಸನೆ ಬರುತ್ತಿತ್ತು. ಆಯಿತು, ನಾನು ಬೇಡಿದ್ದೆಲ್ಲ ಆಯಿತು ಅಂದುಕೊಂಡೆ. ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಕೊಡವ್ವ ಅಳಿಯಂದ್ರಿಗೆ. ಪಾಪ, ಮೊದಲ್ನೇ ಸಲ."

ನನಗೂ ಮೊದಲನೇ ಸಲ.

ಅದನ್ನು ಬಾಯಿಬಿಟ್ಟು ಹೇಳುವ ಬದಲು ಬೋಲ್ಟ್ ಹಿಂದಕ್ಕೆ ಎಳೆದೆ. ಹಾರಿಸದ ಗುಂಡು ಹೊರಕ್ಕೆ ಜಿಗಿದು ಸೌದೆಯ ಮೇಲೆ ಬಿತ್ತು. ಪಕ್ಕದ ಗುಂಡಿ ಒತ್ತಿ ಬೋಲ್ಟನ್ನು ಪೂರ್ತಿ ಹೊರಗೆಳೆದು ಮುಷ್ಟಿಯಲ್ಲಿ ಹಿಡಿದುಕೊಂಡೆ. ರೈಫಲ್ಲನ್ನು ಎರಡೂ ಕೈಯಲ್ಲಿ, ತಾಂಬೂಲ ಕೊಡುವ ಹಾಗೆ, ಭಾವನ ಮುಂದೆ ಹಿಡಿದೆ.

"ತಗೊಳ್ಳಿ ಭಾವ."

ಎದುರು ಇಳಿಜಾರಿನಿಂದ 'ಢಾಂಕ್' ಅಂತ ಕೂಗು ಬಂತು. ಬೋಲ್ಟಿನ ಸದ್ದಿಗೆ ಎಚ್ಚೆತ್ತ ಕಡವೆ ಒಂದೇ ನೆಗೆತಕ್ಕೆ ಕಾಡು ಸೇರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ನನಗೂ ಇಲ್ಲ, ಅವರಿಗೂ ಇಲ್ಲ. ಭಾವ ಖಾಲಿ ರೈಫಲ್ಲನ್ನು ನೋಡಿದರು, ನನ್ನ ಮುಷ್ಟಿ ನೋಡಿದರು. "ಮೇಡಂ, ನೀನ್ ಕೊಟ್ಟಿದ್ರೂ ನಂಗ್ ಬೇಡ ಅಂತಿದ್ದೆ," ಅಂದರು ಮೆಲ್ಲಗೆ, ಮೊದಲ ಸಲ ಗೇಲಿ ಇಲ್ಲದೆ. ಅಪ್ಪ ಬಿದ್ದ ಗುಂಡನ್ನು ಹುಡುಕಿ ಎತ್ತಿ ನನ್ನ ಕೈಗೆ ಕೊಟ್ಟರು. ಪುಳಿಯೋಗರೆಯನ್ನು ಮೂವರೂ ಮೂರು ಕಡೆ ಮುಖ ಮಾಡಿಕೊಂಡು ತಿಂದೆವು.

ವಾಪಸು ಬರುವಾಗಲೂ ಅದೇ ಜಾಗ: ಅವರಿಬ್ಬರು ಮುಂದೆ, ನಾನು ಹಿಂದೆ. ರೈಫಲ್‌ಗಳೆರಡೂ ಡಿಕ್ಕಿಯಲ್ಲಿ. ಬೋಲ್ಟ್ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು, ಬಿಡಲು ಮನಸ್ಸಾಗಿರಲಿಲ್ಲ. ಟಾರು ರಸ್ತೆ ಸಿಕ್ಕಿದ ಮೇಲೆ ಅಪ್ಪ ತಿರುಗದೆಯೇ ಎರಡು ಸೀಟಿನ ನಡುವೆ ಕೈ ಚಾಚಿದರು.

"ಕೊಡು ಇಲ್ಲಿ."

"ಯಾಕೆ?"

"ಬೆವರಿಗೆ ತುಕ್ಕು ಹಿಡಿಯುತ್ತೆ."

"ಸ್ಟೇನ್‌ಲೆಸ್ ಅದು. ಹಿಡಿಯಲ್ಲ."

"ಕೊಡವ್ವ."

ಕೊಟ್ಟೆ. ಬ್ಯಾಗಿನಲ್ಲಿದ್ದ ಎಣ್ಣೆ ಬಟ್ಟೆಯನ್ನೂ ಕೊಟ್ಟೆ. ಅಪ್ಪ ಅದನ್ನು ತೊಡೆಯ ಮೇಲೆ ಹರವಿಕೊಂಡು, ಬೋಲ್ಟ್ ಮಲಗಿಸಿ, ತುದಿಯಿಂದ ಹಿಡಿಯವರೆಗೆ ಒಂದೇ ದಿಕ್ಕಿಗೆ ಒರೆಸತೊಡಗಿದರು.

"ಎರಡ್ರಲ್ಲಿ ಯಾವ್ದು ಅಂತ ಕೇಳಿದ್ದೆ," ಅಂದೆ. "ನೀವು ಹೇಳ್ಲೇ ಇಲ್ಲ."

"ಹೇಳೋದೇನಿತ್ತು? ಮರದ್ದು ನಿನ್ ಕೈಗ್ ಉದ್ದ, ಅಳಿಯಂದ್ರ ಕೈಗ್ ಸರಿ. ನಿಂಗಿದೇ ಸರಿ. ನಿಂಗ್ ಗೊತ್ತಾಗುತ್ತೆ, ನೀನೇ ತಗೋತೀಯ ಅಂತ ಗೊತ್ತಿತ್ತು, ತಗೊಂಡೆ. ಅವ್ರಿಗ್ ಏನೂ ಗೊತ್ತಿರ್ಲಿಲ್ಲ, ಕೂರಿಸ್ಕೊಂಡ್ ಹೇಳ್ಕೊಟ್ಟೆ. ಅಷ್ಟೆ ಕಣವ್ವ."

ಭಾವ ರಸ್ತೆಯನ್ನೇ ನೋಡುತ್ತಿದ್ದರು. ನಾನು ಹೊಟ್ಟೆಕಿಚ್ಚಿಗೆ ತೆಗೆದುಕೊಂಡಿದ್ದನ್ನು ಅಪ್ಪ ಜಾಣತನ ಅಂದುಕೊಂಡಿದ್ದರು. ಗೊತ್ತಿಲ್ಲದವರಿಗೆ ನಾಲ್ಕು ತಿಂಗಳು, ಭಾನುವಾರ ಭಾನುವಾರ ಪಕ್ಕದಲ್ಲಿ ಕೂತು ಮೊಣಕೈ ಸರಿಮಾಡುವುದು. ಗೊತ್ತಿರುವವಳಿಗೆ ಒಂದು ಹೆಬ್ಬೆರಳು. ಇದ್ಯಾವ ಸೀಮೆಯ ನ್ಯಾಯ?

"ಹಂಗಾದ್ರೆ ನಂಗೂ ಗೊತ್ತಿಲ್ಲ," ಅಂದೆ.

"ಏನು?"

"ಏನೂ ಗೊತ್ತಿಲ್ಲ ಅಪ್ಪ. ಉಸಿರು ಹಿಡಿಯೋದು ಗೊತ್ತಿಲ್ಲ, ಮೊಣಕೈ ಎಲ್ಲಿ ಇಡ್ಬೇಕೋ ಗೊತ್ತಿಲ್ಲ. ಬೋಲ್ಟ್ ಒರೆಸೋಕೂ ಬರಲ್ಲ."

ಒರೆಸುತ್ತಿದ್ದ ಕೈ ನಿಂತಿತು. ಕನ್ನಡಿಯಲ್ಲಿ ಅಪ್ಪನ ಮುಖ ಕಾಣುತ್ತಿರಲಿಲ್ಲ, ಟೋಪಿ ಮಾತ್ರ ಕಾಣುತ್ತಿತ್ತು. "ಅಳಿಯಂದ್ರೇ, ನನ್ ಸಿಡ್ನಿ ಟಿಕೆಟ್ಟು ಇನ್ನೂ ಸ್ವಲ್ಪ ಮುಂಚೆಗೆ ಮಾಡಕ್ಕಾಗುತ್ತಾ?" ಅಂದರು.

"ಮಾಡಣ ಮಾವ," ಅಂದರು ಭಾವ.

ಅಪ್ಪ ಬೋಲ್ಟನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಹಿಂದಕ್ಕೆ ಕೊಡದೆ, ತಮ್ಮ ಸ್ವೆಟರಿನ ಜೇಬಿನಲ್ಲಿ ಇಟ್ಟುಕೊಂಡರು. ಕ್ಲೇಟನ್ ಮುಟ್ಟುವವರೆಗೂ ಅದು ಅಲ್ಲೇ ಇತ್ತು. ನಾನೂ ಕೇಳಲಿಲ್ಲ.